ಅಕ್ಕನ ಬೆನ್ನು, ತಮ್ಮನ ಜೀಪು

ಊರಿನ ಕೊನೆಯ ಮನೆಯ ಅಂಗಳದಲ್ಲಿ ಒಂದು ಹಳೆಯ ಜೀಪು ನಿಲ್ಲುತ್ತಿತ್ತು. ಅದನ್ನು ಓಡಿಸುತ್ತಿದ್ದವನನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರು ಬೇರೆ ಇತ್ತು. ಅದನ್ನು ಬಾಯಲ್ಲಿ ಆಡುತ್ತಿದ್ದವಳು ಅವನ ಅಕ್ಕ ಒಬ್ಬಳೇ, ಅದೂ ಸಿಟ್ಟು ನೆತ್ತಿಗೇರಿದಾಗ ಮಾತ್ರ.

ಊರಿನ ಹಿಂದಿನ ಬೆಟ್ಟದ ತಲೆಯ ಮೇಲೆ ಒಂದು ಟವರ್ ಇತ್ತು. ಅದರ ಕಾವಲುಗಾರರನ್ನು, ಅವರ ದಿನಸಿಯನ್ನು, ಜನರೇಟರಿನ ಡೀಸೆಲ್ ಕ್ಯಾನುಗಳನ್ನು ಮೇಲಕ್ಕೆ ಮುಟ್ಟಿಸುವುದು, ಪಾಳಿ ಮುಗಿದವರನ್ನು ಕೆಳಗಿಳಿಸುವುದು ನಿಧಾನಪ್ಪನ ಕೆಲಸ. ಅಲ್ಲಿಗೆ ಬೇರೆ ಗಾಡಿ ಹೋಗುತ್ತಿರಲಿಲ್ಲ. ಬೆಟ್ಟದ ಪಕ್ಕೆಯನ್ನು ಒಂದು ಗಾಡಿಯ ಅಗಲಕ್ಕೆ ಕೆತ್ತಿ, ಬಂದ ಕಲ್ಲನ್ನೇ ಅದರ ಮೇಲೆ ಹರಡಿ, ಇದೇ ರಸ್ತೆ ಎಂದು ಬಿಟ್ಟುಹೋಗಿದ್ದರು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಗಾಳಿ. ಅವನು ಅಲ್ಲಿ ಆಳು ನಡೆಯುವಷ್ಟೇ ವೇಗದಲ್ಲಿ ಹೋಗುತ್ತಿದ್ದ. ಡೀಸೆಲ್ ತುಳುಕಬಾರದು ಎನ್ನುವುದು ನೆಪ, ಮನುಷ್ಯನ ಸ್ವಭಾವವೇ ಹಾಗಿತ್ತು. ಊಟ ನಿಧಾನ, ಮಾತು ನಿಧಾನ. ಮದುವೆಯ ವಿಷಯದಲ್ಲೂ ಯೋಚಿಸಿ ಹೇಳ್ತೀನಿ ಎನ್ನುತ್ತಲೇ ಇದ್ದ, ಕೊನೆಗೆ ಕೇಳುವವರೇ ಸುಸ್ತಾಗಿ ಕೇಳುವುದನ್ನು ಬಿಟ್ಟರು.

ಅಕ್ಕ ಅದಕ್ಕೆ ತದ್ವಿರುದ್ಧ. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲುತ್ತಿದ್ದ, ಅಕ್ಕ ಲಂಗ ಹಾಕುವ ಹುಡುಗಿ. ಅವನನ್ನು ಸೊಂಟದಲ್ಲಿ ಇಟ್ಟುಕೊಂಡೇ ಹೊಲಿಗೆ ಕಲಿತಳು. ಮುಂದೆ ಅವಳಿಗೆ ಮದುವೆಯಾಯಿತು. ಹೋದವಳು ಆ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ, ಹೊಲಿಗೆ ಮಿಷನ್ನಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ, ಅಲ್ಲಿ ಗಾಳಿ ಬೆಳಕು ಸರಿ ಇರಲಿಲ್ಲ ಎಂದು ಹೇಳಿ, ರವಿಕೆಯ ಅಳತೆ ಕೊಡಿ ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ತಮ್ಮನಿಗೂ ಹೇಳಲಿಲ್ಲ. ಅವನೂ ಕೆದಕಲಿಲ್ಲ. ಅಂದಿನಿಂದ ಇಬ್ಬರೂ ಒಂದೇ ಸೂರಿನ ಕೆಳಗೆ. ಮುಂದಿನ ಕೋಣೆಯಲ್ಲಿ ಅವಳ ಮಿಷನ್ನು, ಅಂಗಳದಲ್ಲಿ ಅವನ ಜೀಪು. ಮಿಷನ್ನಿನ ಸದ್ದು ನಿಂತರೆ ಅವನಿಗೆ ಊಟದ ಹೊತ್ತು, ಜೀಪಿನ ಸದ್ದು ಕೇಳಿದರೆ ಅವಳಿಗೆ ಚಹಾದ ಹೊತ್ತು.

ಬೆನ್ನು ನೋವು ಶುರುವಾದಾಗ ಇಬ್ಬರೂ ಮಿಷನ್ನಿನ ಮೇಲೆ ತಪ್ಪು ಹೊರಿಸಿದರು. ವರ್ಷಗಟ್ಟಲೆ ಬಗ್ಗಿ ಕೂತರೆ ಬೆನ್ನು ಏನಾಗಬೇಡ? ಎಣ್ಣೆ ತಿಕ್ಕಿದ್ದಾಯಿತು, ಪಟ್ಟಿ ಹಚ್ಚಿದ್ದಾಯಿತು. ಒಂದು ಬೆಳಿಗ್ಗೆ ಅಕ್ಕ ನೀರಿನ ಕೊಡ ಎತ್ತಲು ಹೋಗಿ, ಎತ್ತಲೂ ಆಗದೆ ಇಳಿಸಲೂ ಆಗದೆ, ಬಗ್ಗಿದಲ್ಲೇ ನಿಂತುಬಿಟ್ಟಳು. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಫೋಟೋ ತೆಗೆದು ನೋಡಿದರು. ಕ್ಯಾನ್ಸರಿನ ಗಂಟು ಇನ್ನೆಲ್ಲೋ ಹುಟ್ಟಿ ಬೆನ್ನುಮೂಳೆಗೆ ಇಳಿದಿತ್ತು. ಕತ್ತರಿಸಿ ತೆಗೆಯುವ ಹಂತ ದಾಟಿದೆ, ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರೆ ನೋವು ತಗ್ಗಬಹುದು, ಕಾಲಿನ ಶಕ್ತಿಯೂ ಸ್ವಲ್ಪ ಕಾಲ ಉಳಿಯಬಹುದು ಎಂದು ಡಾಕ್ಟರಮ್ಮ ಹೇಳಿದರು. ಗುಣವಾಗುತ್ತದೆ ಎಂಬ ಮಾತನ್ನು ಅವರು ಎತ್ತಲೇ ಇಲ್ಲ. ಇವನೂ ಕೇಳಲಿಲ್ಲ.

ಮೊದಲ ಸಲ ಕರೆಂಟು ಕೊಟ್ಟ ದಿನ ವಾಪಸು ಬರುವಾಗಲೇ ಜೀಪಿನ ಸಂಗತಿ ಎದ್ದದ್ದು. ಪಟ್ಟಣದಿಂದ ಅರ್ಧ ದಾರಿ ಡಾಂಬರು, ಆಮೇಲೆ ಊರಿನವರೆಗೂ ಕಿತ್ತುಹೋದ ಜಲ್ಲಿ ರಸ್ತೆ. ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಸಿ ಅವಳನ್ನು ಮಲಗಿಸಿದ್ದ. ಒಂದೊಂದು ಗುಂಡಿಗೂ ಜೀಪು ಒಮ್ಮೆ ಇಳಿದು ಸುಮ್ಮನಾಗುತ್ತಿರಲಿಲ್ಲ. ಏಳುವುದು, ಬೀಳುವುದು, ಮತ್ತೆ ಏಳುವುದು. ಮನೆ ಮುಟ್ಟುವ ಹೊತ್ತಿಗೆ ಅಕ್ಕನ ಕೆಳತುಟಿಯಲ್ಲಿ ಹಲ್ಲಿನ ಗುರುತು ಮೂಡಿತ್ತು.

“ಅಲ್ಲಿ ಕೊಟ್ಟಿದ್ದನ್ನ ದಾರೀಲಿ ಕಿತ್ಕೊಂಡ್ರು ಕಣೋ,” ಎಂದಳು, ಅವನು ಎತ್ತಿ ಮಂಚಕ್ಕೆ ಸಾಗಿಸುವಾಗ.

ಮರುದಿನ ಅವನು ಜೀಪಿನ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಸರಿ ಇದ್ದ ಗಾಡಿ ಒಮ್ಮೆ ಎದ್ದು ನಿಲ್ಲಬೇಕು. ಇದು ತೊಟ್ಟಿಲಿನಂತೆ ತೂಗಿತು. ಕೆಳಗೆ ಬಗ್ಗಿ ನೋಡಿದರೆ ಗಾಡಿಯ ಕುಲುಕು ತಡೆಯುವ ನಾಲ್ಕೂ ಶಾಕಪ್ಪುಗಳ ಮೈಗೆ ಎಣ್ಣೆ ಸೋರಿ, ಅದರ ಮೇಲೆ ಧೂಳು ಕೂತು, ಕರೀ ಕಂಬಳಿ ಹೊದ್ದ ಹಾಗಿತ್ತು. ಡೀಸೆಲ್ ಕ್ಯಾನುಗಳು ಎಂದೂ ದೂರು ಹೇಳಿರಲಿಲ್ಲ, ಕಾವಲುಗಾರರು ಬೈದುಕೊಂಡೇ ಇಳಿದು ಹೋಗುತ್ತಿದ್ದರು. ಹಾಗಾಗಿ ಅವನೂ ಅತ್ತ ಗಮನ ಕೊಟ್ಟಿರಲಿಲ್ಲ.

ಗ್ಯಾರೇಜಿನ ಮೇಸ್ತ್ರಿ ಅವನಿಗೆ ಹಳೆಯ ಪರಿಚಯ. ಗಾಡಿ ಬಿಟ್ಟು ಹೋಗು, ಮುಂದಿನ ವಾರ ಮಾಡಿ ಕೊಡ್ತೀನಿ, ಕೈ ತುಂಬ ಕೆಲಸ ಇದೆ ಎಂದ. ಗಾಡಿ ಬಿಟ್ಟು ಬರುವುದು ಹೇಗೆ? ಅಕ್ಕನಿಗೆ ಇದ್ದಕ್ಕಿದ್ದಂತೆ ಏನಾದರೂ ಆದರೆ ಊರಿನಲ್ಲಿ ಬೇರೆ ಗಾಡಿ ಇಲ್ಲ. ಮುಂದಿನ ಕರೆಂಟಿನ ದಿನವೂ ಹತ್ತಿರವೇ ಇತ್ತು. ಕೊನೆಗೆ ಅವನು ನಾಲ್ಕು ಹೊಸ ಶಾಕಪ್ಪುಗಳನ್ನು ಕೊಂಡು, ಮನೆಯಲ್ಲೇ ಹಾಕ್ತೀನಿ, ಹೇಗೆ ಅಂತ ಹೇಳು ಎಂದು ಮೇಸ್ತ್ರಿಯ ಮುಂದೆ ನಿಂತ. ಮೇಸ್ತ್ರಿ ನಕ್ಕ. ಇಷ್ಟು ವರ್ಷದಲ್ಲಿ ನಿಧಾನಪ್ಪ ಚಕ್ರ ಬದಲಿಸಿದ್ದು ಬಿಟ್ಟರೆ ಬೇರೆ ನಟ್ಟು ಮುಟ್ಟಿದವನಲ್ಲ. ಆದರೂ ಕೆಲಸ ಬದಿಗಿಟ್ಟು, ನೆಲದ ಮೇಲೆ ಚಿತ್ರ ಬರೆದು, ಎಲ್ಲ ವಿವರಿಸಿ ಕಳಿಸಿದ.

ಅವನು ಅಕ್ಕನ ಮಂಚವನ್ನು ಬಾಗಿಲ ಹತ್ತಿರಕ್ಕೆ ಎಳೆದ, ಒಬ್ಬಳೇ ಒಳಗೆ ಬೇಸರ ಪಡುವುದು ಬೇಡ ಎಂದು. ಮುಂದಿನ ಚಕ್ರಗಳಿಗೆ ಕಲ್ಲು ಅಡ್ಡ ಕೊಟ್ಟು, ಹಿಂದೆ ಜಾಕ್ ಹಾಕಿ ಎತ್ತಿ, ಜಾಕನ್ನು ನಂಬದೆ ಎರಡು ಮರದ ದಿಮ್ಮಿ ತುರುಕಿದ. ತುಕ್ಕು ಹಿಡಿದ ನಟ್ಟುಗಳಿಗೆಲ್ಲ ಹಿಂದಿನ ದಿನವೇ ಎಣ್ಣೆ ಬಿಟ್ಟಿದ್ದ. ಬಲಗಡೆಯ ಹಿಂದಿನದು ಅಷ್ಟೇನೂ ಸತಾಯಿಸದೆ ಬಂತು. ಅದರ ಕಡ್ಡಿಯನ್ನು ಅಂಗೈಯಿಂದ ಒತ್ತಿದ. ಬೆಣ್ಣೆಗೆ ಬೆರಳಿಟ್ಟ ಹಾಗೆ ಒಳಗೆ ಹೋಯಿತು, ಹೋದದ್ದು ಹೊರಗೆ ಬರಲಿಲ್ಲ. ಅಕ್ಕನಿಗೆ ಎತ್ತಿ ತೋರಿಸಿದ.

“ಇಷ್ಟು ವರ್ಷ ಇದು ಏನ್ ಮಾಡ್ತಿತ್ತು ಹಂಗಾದ್ರೆ?” ಎಂದು ಕೇಳಿದಳು.

“ಏನೂ ಇಲ್ಲ.”

“ನಿನ್ನ ಹಂಗೆ. ಸುಮ್ನೆ ಜೊತೇಲಿ ಓಡಾಡ್ಕೊಂಡಿತ್ತು.”

ಅವನು ನಕ್ಕ. ಆ ದಿನ ಇಬ್ಬರೂ ಸ್ವಲ್ಪ ಖುಷಿಯಾಗಿಯೇ ಇದ್ದರು. ಹೊಸದನ್ನು ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಎಳೆದು ಒಳಗಿನ ಗಾಳಿ ತೆಗೆದ. ರಬ್ಬರು, ವಾಷರು, ನಟ್ಟು ಎಲ್ಲವನ್ನೂ ಚಾಪೆಯ ಮೇಲೆ ಸಾಲಾಗಿ ಜೋಡಿಸಿಕೊಂಡು ಮೇಲಿನದನ್ನು ಕೂರಿಸಿ, ಕೆಳಗಿನದನ್ನು ಕೂರಿಸಿದ. ಎಡಗಡೆಗೆ ಬಂದಾಗ ಬಿಸಿಲು ಏರಿತ್ತು. ಮೇಲಿನ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ತೊಡಿಸಿ, ಕಾಲನ್ನು ಚಕ್ರಕ್ಕೆ ಒತ್ತಿ, ಉಸಿರು ಕಟ್ಟಿ ಎಳೆದ. ಟಪ್ ಎಂದಿತು. ನಟ್ಟು ಬಂತು, ಜೊತೆಗೆ ಬೋಲ್ಟಿನ ತುದಿಯೂ ಮುರಿದು ಬಂತು. ಉಳಿದ ಬೋಲ್ಟು ಚಾಸಿಯ ಚೌಕಟ್ಟಿನೊಳಗೆ ತುಕ್ಕಿನಲ್ಲಿ ಬೆಸೆದುಕೊಂಡು ಕೂತಿತ್ತು.

ಗಾಡಿಯ ಕೆಳಗೆ ಸದ್ದಿಲ್ಲದೆ ಮಲಗಿದ್ದವನನ್ನು ಅಕ್ಕ ಏನಾಯಿತು ಎಂದು ಕೇಳಿದಳು. ಏನಿಲ್ಲ ಎಂದ.

ಆ ಬೋಲ್ಟನ್ನು ತೆಗೆಯಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಸುತ್ತಿಗೆಯಿಂದ ಹೊಡೆದರೆ ಚಪ್ಪಟೆಯಾಯಿತೇ ಹೊರತು ಸರಿಯಲಿಲ್ಲ. ಗರಗಸದ ಬ್ಲೇಡಿಗೆ ಬಟ್ಟೆ ಸುತ್ತಿ, ಕೈಯಾಡದ ಸಂದಿಯಲ್ಲಿ ಮಲಗಿಕೊಂಡೇ ಉಜ್ಜಿದ. ಕಣ್ಣಿಗೆ ತುಕ್ಕಿನ ಪುಡಿ, ಬೆರಳ ಗೆಣ್ಣುಗಳಲ್ಲಿ ರಕ್ತ. ಬ್ಲೇಡುಗಳು ಮುರಿದವು, ಪಕ್ಕದ ಮನೆಯಾಕೆ ಅಂಗಡಿಗೆ ಹೋಗಿ ಮತ್ತೆ ತಂದುಕೊಟ್ಟಳು. ಮೇಸ್ತ್ರಿಗೆ ಫೋನು ಮಾಡಿದರೆ ಅವನು ಪಾಪ, ಕಾಯಿಸಿ ತೆಗೀಬೇಕು, ಅದಕ್ಕೆ ಗಾಡಿ ಇಲ್ಲಿಗೆ ಬರಬೇಕು ಎಂದ. ಶಾಕಪ್ಪು ಅರ್ಧ ಕಳಚಿ ಎತ್ತಿ ನಿಲ್ಲಿಸಿದ ಗಾಡಿಯನ್ನು ಆ ಜಲ್ಲಿಯ ಮೇಲೆ ಓಡಿಸುವ ಧೈರ್ಯ ಅವನಿಗೆ ಬರಲಿಲ್ಲ. ಹಾಗೆ ಒದ್ದಾಡುತ್ತಿರುವಾಗಲೇ ಕರೆಂಟಿನ ದಿನ ಬಂತು, ಹೋಯಿತು. ಪಟ್ಟಣದಿಂದ ಬಾಡಿಗೆ ಗಾಡಿ ಕರೆಸುತ್ತೇನೆ ಎಂದಾಗ ಅಕ್ಕನೇ ಬೇಡ ಎಂದಳು. ಆ ಜಲ್ಲಿಯ ಮೇಲೆ ಬಾಡಿಗೆಯವನ ಕೈಯಲ್ಲಿ ತನ್ನ ಬೆನ್ನು ಕೊಡುವುದಿಲ್ಲ, ಒಂದು ವಾರ ತಡವಾದರೆ ಆಕಾಶವೇನೂ ಬೀಳುವುದಿಲ್ಲ ಎಂದಳು. ಅವನು ಆಸ್ಪತ್ರೆಗೆ ಫೋನು ಮಾಡಿದ. ಮುಂದಿನ ವಾರ ಬನ್ನಿ ಎಂದರು.

ಕೊನೆಗೊಂದು ಮಧ್ಯಾಹ್ನ ಬೋಲ್ಟು ಹೊರಬಂತು. ಹೊಸ ಬೋಲ್ಟು ಹಾಕಿ, ಮುಂದಿನ ಎರಡನ್ನೂ ಬದಲಿಸಿ, ಜೀಪನ್ನು ನೆಲಕ್ಕಿಳಿಸಿದ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ನಟ್ಟುಗಳನ್ನು ಪೂರ್ತಿ ಬಿಗಿ ಮಾಡಬೇಕು, ಇಲ್ಲದಿದ್ದರೆ ರಬ್ಬರು ತಿರುಚಿ ಹರಿದುಹೋಗುತ್ತದೆ ಎಂದು ಮೇಸ್ತ್ರಿ ಹೇಳಿದ್ದ. ಹಾಗೆಯೇ ಮಾಡಿದ. ಮೂಲೆ ಒತ್ತಿ ನೋಡಿದ. ಜೀಪು ಒಮ್ಮೆ ಎದ್ದು, ಹೇಳಿದ ಮಾತು ಕೇಳುವ ಮಗುವಿನಂತೆ ನಿಂತಿತು. ಅವನು ಮಸಿಗೈಯಲ್ಲೇ ಒಳಗೆ ಬಂದು, ಆಯ್ತು ಅಕ್ಕ ಎಂದ.

ಅಕ್ಕ ಒಳ್ಳೇದಾಯ್ತು ಎಂದಳು. ಆಮೇಲೆ, “ಎಡಗಾಲು ಎಲ್ಲಿದೆ ಅಂತ ಗೊತ್ತಾಗ್ತಿಲ್ಲ ಕಣೋ. ನೋಡಿದ್ರೆ ಇದೆ,” ಎಂದಳು.

ಯಾವಾಗಿನಿಂದ ಎಂದು ಕೇಳಿದ್ದಕ್ಕೆ ಮೊನ್ನೆಯಿಂದ ಎಂದಳು. ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ನೀನು ಗಾಡಿಯ ಕೆಳಗಿದ್ದೆ ಎಂದಳು.

ಮರುದಿನ ಬೆಳಿಗ್ಗೆಯೇ ಹೊರಟರು. ಗುಂಡಿಗಳ ಮೇಲೆ ಜೀಪು ಮೊದಲಿನ ಹಾಗೆ ಕುಣಿಯಲಿಲ್ಲ ಎನ್ನುವುದು ಅವನ ಕೈಗೆ, ಸೀಟಿಗೆ ತಿಳಿಯುತ್ತಿತ್ತು. ಕನ್ನಡಿಯಲ್ಲಿ ಅಕ್ಕನ ಮುಖ ಕಾಣುತ್ತಿರಲಿಲ್ಲ, ಹೊದಿಕೆಯ ಅಂಚನ್ನು ಹಿಡಿದಿದ್ದ ಕೈ ಕಾಣುತ್ತಿತ್ತು. ಹೇಗಿದೆ ಎಂದು ಕೇಳಿದಾಗಲೆಲ್ಲ ಹಾಸಿಗೆಯ ಮೇಲೆ ಮಲಗಿದ ಹಾಗಿದೆ ಎನ್ನುತ್ತಿದ್ದಳು. ಕೈ ಮಾತ್ರ ಹಿಡಿದದ್ದನ್ನು ಬಿಡಲಿಲ್ಲ.

ಡಾಕ್ಟರಮ್ಮ ಅಕ್ಕನ ಎರಡೂ ಪಾದಗಳನ್ನು ಬೆರಳಿನಿಂದ ಗೀರಿ ನೋಡಿದರು. ಹೆಬ್ಬೆರಳು ಮೇಲಕ್ಕೆ ಮಾಡಿ ಎಂದರು. ಎಡಗಾಲಿನದು ಆಡಲಿಲ್ಲ, ಬಲಗಾಲಿನದು ಆಡಿದ್ದೂ ಆಡದ ಹಾಗೆ. ಗಂಟು ಬೆನ್ನುಹುರಿಯನ್ನು ಒತ್ತಿಬಿಟ್ಟಿದೆ, ಇನ್ನು ಕರೆಂಟು ಕೊಟ್ಟರೂ ಕಾಲು ಮರಳುವುದಿಲ್ಲ, ಇಷ್ಟು ದೂರ ಓಡಾಡಿಸುವುದೇ ಅವರಿಗೆ ಹಿಂಸೆ, ನೋವಿಗೆ ಬಲವಾದ ಮಾತ್ರೆ ಕೊಡುತ್ತೇನೆ, ಮನೆಯಲ್ಲಿ ನೆಮ್ಮದಿಯಾಗಿ ಇಟ್ಟುಕೊಳ್ಳಿ ಎಂದು, ಮುಲಾಜಿಲ್ಲದೆ ಆದರೆ ಮೆತ್ತಗೆ ಹೇಳಿದರು.

ನಿಧಾನಪ್ಪ ಕೂತಲ್ಲಿಂದ ಏಳಲಿಲ್ಲ. “ಹೋದ ವಾರವೇ ಬಂದಿದ್ರೆ?” ಎಂದು ಕೇಳಿದ.

ಡಾಕ್ಟರಮ್ಮ ಅವನ ಕೈಗಳನ್ನು ನೋಡಿದರು. ಗೆಣ್ಣುಗಳ ಗಾಯ ಇನ್ನೂ ಆರಿರಲಿಲ್ಲ, ಉಗುರಿನೊಳಗಿನ ಮಸಿ ಹೋಗಿರಲಿಲ್ಲ.

“ಹೇಳೋಕೆ ಬರಲ್ಲ,” ಎಂದರು.

ಅಕ್ಕ ಅದೇ ಕೋಣೆಯಲ್ಲಿ, ಪರದೆಯ ಆಚೆ ಮಲಗಿದ್ದಳು.

ಆಮೇಲಿನ ದಿನಗಳಲ್ಲಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಟವರಿನ ಕೆಲಸಕ್ಕೆ ಹೋಗಿ ಬರುತ್ತಿದ್ದ, ಅಕ್ಕನ ಮೈ ಒರೆಸುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ. ಆದರೆ ಜೀಪನ್ನು ಅಂಗಳಕ್ಕೆ ತರುವುದನ್ನು ಬಿಟ್ಟು, ದೂರದ ಮರದ ಕೆಳಗೆ ನಿಲ್ಲಿಸತೊಡಗಿದ. ಅಕ್ಕನಿಗೆ ಅದು ಗೊತ್ತಾಗದೆ ಇರುತ್ತದೆಯೇ? ಚಹಾ ಕುಡಿಸುತ್ತಿದ್ದಾಗ ಒಂದು ದಿನ, ಇಷ್ಟು ವರ್ಷ ನೀನು ದಿನಾ ಹೋಗುವ ಜಾಗವನ್ನು ನಾನು ಒಮ್ಮೆಯೂ ನೋಡಲಿಲ್ಲ, ಟವರಿನ ತನಕ ಕರೆದುಕೊಂಡು ಹೋಗು ಎಂದಳು.

ಅವನು ಆಗುವುದಿಲ್ಲ ಎಂದ. ಅದು ಪಟ್ಟಣದ ದಾರಿಯ ಹಾಗಲ್ಲ, ಕಲ್ಲೇ ದಾರಿ, ಮಧ್ಯದಲ್ಲಿ ಬೇಡ ಅನ್ನಿಸಿದರೆ ತಿರುಗಿಸಲು ಜಾಗವಿಲ್ಲ, ಮೇಲೆ ಹೋಗಿಯೇ ತಿರುಗಬೇಕು ಎಂದು ಬಿಡಿಸಿ ಹೇಳಿದ.

“ತಿರುಗಿಸು ಅಂತ ಯಾರು ಕೇಳಿದ್ರು? ಅಷ್ಟು ಕಷ್ಟಪಟ್ಟು ಶಾಕಪ್ ಹಾಕಿದ್ದೀಯ. ಬರೀ ಡೀಸೆಲ್ ಕ್ಯಾನಿಗಾ?”

ಅವನು ಬೇಡ ಎನ್ನುತ್ತಲೇ ಇದ್ದ. ಅವಳು ಪಟ್ಟು ಬಿಡಲಿಲ್ಲ. ಊಟ ಬೇಡ ಎಂದಳು, ಮಾತ್ರೆ ಬೇಡ ಎಂದಳು, ಕೊನೆಗೆ ಅವನ ನಿಜವಾದ ಹೆಸರು ಹಿಡಿದು ಕರೆದಳು. ಅವನು ಒಪ್ಪಿಕೊಂಡ.

ಪಕ್ಕದ ಮನೆಯಾಕೆ ಬಂದು ಇದ್ದಬದ್ದ ಹಾಸಿಗೆ ದಿಂಬುಗಳನ್ನೆಲ್ಲ ಜೀಪಿನ ಹಿಂದೆ ಒಟ್ಟಿದಳು. ಅಕ್ಕ ಮಾತ್ರೆ ನುಂಗಿ, ಅದು ಹತ್ತುವವರೆಗೆ ಕಾದು, ಸರಿ ನಡಿ ಎಂದಳು. ಬೆಳಗಿನ ಹೊತ್ತು, ಬೆಟ್ಟ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲ ತಿರುವಿನವರೆಗೆ ಅವಳು ಮಾತಾಡುತ್ತಿದ್ದಳು. ಅದೇನು ಮರ, ಇದ್ಯಾರ ಹೊಲ, ಕಾವಲುಗಾರರಿಗೆ ಅಡುಗೆ ಯಾರು ಮಾಡುತ್ತಾರೆ ಎಂದೆಲ್ಲ ವಿಚಾರಿಸಿದಳು. ಎರಡನೆಯ ತಿರುವಿನ ನಂತರ ಮಾತು ನಿಂತಿತು. ಕಲ್ಲುಗಳು ದಪ್ಪವಾದವು. ಶಾಕಪ್ಪುಗಳು ತಮ್ಮ ಕೆಲಸ ಮಾಡುತ್ತಿದ್ದವು. ಗಾಡಿ ಎದ್ದು ಬಿದ್ದು ಕುಣಿಯುತ್ತಿರಲಿಲ್ಲ. ಆದರೆ ಒಂದು ಚಕ್ರ ಕಲ್ಲು ಹತ್ತಿ ಇಳಿದಾಗ ಗಾಡಿ ಒಂದು ಬದಿಗೆ ವಾಲಲೇಬೇಕು, ಒಳಗಿದ್ದ ಮೈಯೂ ವಾಲಲೇಬೇಕು. ಅದನ್ನು ತಡೆಯುವ ಸಾಮಾನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

“ತಮ್ಮಾ,” ಎಂದಳು ಅಕ್ಕ. “ಸಾಕು. ವಾಪಸ್ ಹೋಗೋಣ.”

ಅವನು ಗಾಡಿ ನಿಲ್ಲಿಸಿ ಹಿಂದೆ ತಿರುಗಿದ. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಆ ಇಳಿಜಾರಿನಲ್ಲಿ, ಆ ತಿರುವುಗಳಲ್ಲಿ ಹಿಮ್ಮುಖವಾಗಿ ಇಳಿಯುವುದು ಇಬ್ಬರನ್ನೂ ಕೊಂದಂತೆಯೇ. ಅವನು ಇಳಿದು ಹಿಂದೆ ಹೋಗಿ ಅವಳ ತಲೆಯನ್ನು ಸರಿಮಾಡಿದ, ನೀರು ಕುಡಿಸಿದ, ಇನ್ನೊಂದು ಮಾತ್ರೆ ಕೊಟ್ಟ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನಿಂತಷ್ಟೂ ಬಿಸಿಲೇರುತ್ತಿತ್ತು. ಆಮೇಲೆ ಅವನು ಸ್ಟೇರಿಂಗಿನ ಮುಂದೆ ಹೋಗಿ ಕೂತು, ಮೇಲಕ್ಕೇ ಓಡಿಸಿದ.

ಅವಳು ಕಿರುಚಲಿಲ್ಲ. ಒಂದೊಂದು ಕಲ್ಲಿಗೂ ಸಣ್ಣಗೆ ಒಂದು ಸದ್ದು ಬರುತ್ತಿತ್ತು, ನಿದ್ದೆಯಲ್ಲಿ ಮಗು ಮಾಡುವಂಥದ್ದು. ಅವನು ಬದುಕಿನಲ್ಲಿ ಎಂದೂ ಅಷ್ಟು ನಿಧಾನವಾಗಿ ಗಾಡಿ ಓಡಿಸಿರಲಿಲ್ಲ. ನಿಧಾನ ಹೋದಷ್ಟೂ ಅವಳ ನೋವು ಉದ್ದವಾಗುತ್ತದೆ, ಬೇಗ ಹೋದರೆ ಹೆಚ್ಚಾಗುತ್ತದೆ. ಯಾವುದು ಸರಿ ಎಂದು ಅವನಿಗೆ ತಿಳಿಯಲಿಲ್ಲ.

ಮೇಲೆ ತಲುಪಿದಾಗ ಕಾವಲುಗಾರ ಓಡಿ ಬಂದ. ದಿನಸಿ ಇರಬೇಕೆಂದು ಹಿಂದಿನ ಬಾಗಿಲು ತೆಗೆದವನಿಗೆ ಅಕ್ಕ ಕಂಡಳು. ಅಷ್ಟರಲ್ಲಿ ಮೋಡ ಇಳಿದು ಟವರಿನ ಅರ್ಧ ಮುಚ್ಚಿಹೋಗಿತ್ತು, ಕೆಳಗಿನ ಊರೂ ಕಾಣುತ್ತಿರಲಿಲ್ಲ. ಕಂಡಿದ್ದರೂ ಅಕ್ಕ ಕಣ್ಣು ತೆರೆಯುವ ಸ್ಥಿತಿಯಲ್ಲಿರಲಿಲ್ಲ. ಜನರೇಟರು ಗುಡುಗುಡು ಎನ್ನುತ್ತಿತ್ತು. ಯಾರೂ ಹೇಳದೆಯೇ ಕಾವಲುಗಾರ ಹೋಗಿ ಅದನ್ನು ಆರಿಸಿ ಬಂದ. ತನ್ನ ಮಂಚ ಕೊಡುತ್ತೇನೆ, ಸಂಜೆಯವರೆಗೆ ಮಲಗಲಿ ಎಂದ. ಎತ್ತಲು ಕೈ ಹಾಕಿದರೆ ಅವಳು ಬೇಡ ಎಂದು ತಲೆಯಾಡಿಸಿದಳು. ಅಲ್ಲೇ ಜೀಪಿನಲ್ಲೇ ಮಾತ್ರೆಯ ಮಂಪರು ಬರುವವರೆಗೆ ಬಿಟ್ಟು, ನಂತರ ಇಳಿಯತೊಡಗಿದರು. ಕಾವಲುಗಾರ ಹಿಂದೆ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡ. ಪಾಳಿ ಬಿಟ್ಟು ಇಳಿದದ್ದಕ್ಕೆ ಅವನು ಮೇಲಿನವರಿಂದ ಬೈಸಿಕೊಂಡನಂತೆ.

ಅಂದಿನ ನಂತರ ಅಕ್ಕ ಹೆಚ್ಚು ಮಾತಾಡಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ, ಮಧ್ಯಾಹ್ನದ ಹೊತ್ತು, ಪಕ್ಕದ ಮನೆಯಾಕೆ ಚಮಚದಲ್ಲಿ ಹಾಲು ಕುಡಿಸುತ್ತಿರುವಾಗ ಹೋದಳು. ನಿಧಾನಪ್ಪ ಡೀಸೆಲ್ ಇಳಿಸಲು ಬೆಟ್ಟದ ಮೇಲಿದ್ದ. ಸುದ್ದಿ ಟವರಿಗೆ ಮುಟ್ಟಿದ ಮೇಲೂ ಅವನು ಇಳಿದು ಬರುವುದಕ್ಕೆ ಬಹಳ ಹೊತ್ತಾಯಿತು. ಅವಸರ ಮಾಡಿ ಇನ್ನೇನು ಎಂದುಕೊಂಡನೋ ಏನೋ.

ವರ್ಷ ತುಂಬುವುದರೊಳಗೆ ಅವನು ಟವರಿನ ಕೆಲಸ ಬಿಟ್ಟ. ಜೀಪು ಕಾವಲುಗಾರನ ಭಾವನ ಕೈಗೆ ಹೋಯಿತು. ಈಗ ಅವನು ಜಲ್ಲಿ ಕ್ರಷರಿನ ಗೇಟಿನಲ್ಲಿ ಕೂರುತ್ತಾನೆ. ತಗಡಿನ ಗೂಡು, ಒಂದು ಸ್ಟೂಲು. ಲಾರಿ ಬಂದರೆ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು. ಧೂಳಿಗೆ ಕಣ್ಣು ಸದಾ ಕೆಂಪಗಿರುವುದರಿಂದ ಅವನು ಯಾವಾಗ ಹೇಗಿದ್ದಾನೆ ಎಂದು ಹೇಳುವುದು ಕಷ್ಟ.

ಒಂದು ಸಂಜೆ ಪಕ್ಕದ ಮನೆಯಾಕೆ ಮನೆಗೆ ಮರಳುತ್ತಿದ್ದವನನ್ನು ತಡೆದು ನಿಲ್ಲಿಸಿದಳು. ಬಹಳ ದಿನದಿಂದ ಹೇಳಬೇಕೆಂದಿದ್ದೆ ಎಂದು ಶುರುಮಾಡಿದಳು. ಬೆಟ್ಟ ಹತ್ತಿ ಬಂದ ಮರುದಿನ ನಿಮ್ಮಕ್ಕ ನನ್ನ ಹತ್ತಿರ ತುಂಬ ಖುಷಿಯಿಂದ ಮಾತಾಡಿದರು, ಮೇಲಿನಿಂದ ಊರೆಲ್ಲ ಆಟಿಕೆಯ ಹಾಗೆ ಕಂಡಿತಂತೆ, ದಾರಿಯಲ್ಲಿ ಒಂದು ಚೂರೂ ಕುಲುಕಲಿಲ್ಲವಂತೆ, ನನ್ನ ತಮ್ಮ ಹೂವಿನ ಹಾಗೆ ಕರೆದುಕೊಂಡು ಹೋದ ಎಂದರು ಎಂದಳು.

ಅವನು ಎಲ್ಲವನ್ನೂ ಕೇಳಿಸಿಕೊಂಡ.

“ಅವತ್ತು ಮೇಲೆ ಮೋಡ ಇತ್ತು,” ಎಂದ. ಆಮೇಲೆ, ಆಕೆಯ ಮುಖ ಸಣ್ಣದಾದದ್ದನ್ನು ನೋಡಿ, “ನೀವು ಒಳ್ಳೆಯವರು, ಅಕ್ಕಾ,” ಎಂದು ಹೇಳಿ, ಬಾಗಿಲ ಚಿಲಕ ತೆಗೆದು ಒಳಗೆ ಹೋದ.